ಕೊಳೆತುದೆಲ್ಲ ಕೆಟ್ಟುದಲ್ಲ



ನಮ್ಮ ಕನ್ನಡ ಭಾಷೆಯಲ್ಲಿ "ಕೊಳೆ" ಎಂಬ ಮಾತಿಗೆ ಎರಡು ಅರ್ಥಗಳುಂಟು. ಮೈಗೂ ಬಟ್ಟೆಗೂ ಅಂಟಿದ ಮಲಿನಕ್ಕೆ ಕೊಳೆಯೆನ್ನುತ್ತೇವೆ. ಎಲೆಯೂ ಕಡ್ಡಿಯೂ ಮೆತ್ತಗಾಗಿ ಮಣ್ಣಿನೊಡನೆ ಬೆರೆತುಹೋಗುವುದಕ್ಕೂ ಕೊಳೆಯುವುದೆನ್ನುತ್ತೇವೆ. ಶಾಲೆಗೆ ಹೋದ ಹುಡುಗಿಯರಾದ ನಾವು ಮೊದಲನೆಯ ಅರ್ಥವನ್ನು ಚೆನ್ನಾಗಿ ಕಲಿತೆವು. ಉಗುರನ್ನು ಕತ್ತರಿಸಬೇಕು, ಬಟ್ಟೆಯನ್ನು ಒಗೆದುಡಬೇಕು, ಅಂಗಳವನ್ನು ಚೊಕ್ಕಟವಾಗಿಡಬೇಕು ಎಂದು ಕಲಿಸಿದ ಉಪಾಧ್ಯಾಯಿನಿಯರಿಗೆ ನಾವು ಯಾವತ್ತೂ ಋಣಿಗಳು. ಆದರೆ ಎರಡನೆಯ ಅರ್ಥವನ್ನು ಮೊದಲನೆಯದರೊಡನೆ ಕಲಸಿಬಿಟ್ಟು, ಕೊಳೆಯುವ ವಸ್ತುವೆಲ್ಲವೂ ಹೇಸಿಗೆಯೇ ಎಂಬ ತಪ್ಪೆಣಿಕೆಯನ್ನೂ ನಾವಾಗಿಯೇ ಕಲಿತುಕೊಂಡೆವು. ಈ ತಪ್ಪೆಣಿಕೆಯಿಂದ ಪುತ್ತೂರು, ಸುಳ್ಯ ಮತ್ತು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಕಡಬ, ಈ ಮೂರು ಸೀಮೆಗಳ ಮಣ್ಣಿಗೆ ನಷ್ಟವಾಗುತ್ತಿದೆಯೆಂದು ನನಗೆ ತೋರುತ್ತದೆ. ಅದನ್ನು ತಮ್ಮ ಮುಂದಿಡುವುದೇ ಈ ಬರಹದ ಉದ್ದೇಶವು.

ಚಳಿಗಾಲವು ಮುಗಿಯುತ್ತಲೇ ನಮ್ಮ ಊರುಗಳಲ್ಲಿ ಸಂಜೆಯ ಹೊತ್ತು ಒಂದು ಹೊಗೆಯು ಏಳುತ್ತದೆ. ಹಲಸು, ಮಾವು, ಗೇರುಗಳ ತರಗೆಲೆಯನ್ನು ಗುಡಿಸಿ ಒಟ್ಟುಮಾಡಿ ಬೆಂಕಿಯಿಕ್ಕುವ ಹೊಗೆಯದು. ಬಾಲ್ಯದಲ್ಲಿ ನಾವೂ ಶಾಲೆಯ ಅಂಗಳವನ್ನು ಗುಡಿಸಿ ಹೀಗೆಯೇ ಬೆಂಕಿ ಕೊಟ್ಟವರು. ಕೆಲಸವು ಬೇಗನೆ ಮುಗಿದುದಕ್ಕೆ ಸಂತೋಷಪಟ್ಟವರು. ಈಗ ಅಡಕೆಯ ತೋಟಗಳಲ್ಲಿಯೂ ಸೋಗೆಯನ್ನು ಸುಡುವವರುಂಟು; ಅಡಕೆಯ ಸಿಪ್ಪೆಯನ್ನು ದಾರಿಯ ಬದಿಗೆ ಸುರಿದು ಕಿಚ್ಚಿಡುವವರೂ ಉಂಟು. ಹೀಗೆ ಉರಿದುಹೋಗುವುದು ಕಸವೆಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಮುಂದಿನ ವರ್ಷದ ಮಣ್ಣು.

ಎಲೆಯು ಯಾತರಿಂದಾಗಿದೆ ಎಂಬುದನ್ನು ಮೊದಲು ವಿಚಾರಿಸೋಣ. ೧೮೩೮ರಲ್ಲಿ ಆನ್ಸೆಲ್ಮ್ ಪಾಯೆನ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ಸಸ್ಯಗಳ ಮೈಯೊಳಗಿಂದ ಒಂದು ನಾರುವಸ್ತುವನ್ನು ಬೇರ್ಪಡಿಸಿದನು. ಅದಕ್ಕೆ ಸೆಲ್ಯುಲೋಸ್ ಎಂಬ ಹೆಸರಾಯಿತು. ಹತ್ತಿಯ ನೂಲು ಬಹುತೇಕ ಶುದ್ಧ ಸೆಲ್ಯುಲೋಸೇ. ಕಾಗದವೂ ಅದರಿಂದಲೇ ಆದುದು. ಮರ, ಹುಲ್ಲು, ಸೋಗೆಗಳ ಒಣತೂಕದಲ್ಲಿ ಸುಮಾರಾಗಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ಅದೇ ಇರುತ್ತದೆ. ಭೂಮಿಯ ಮೇಲೆ ಜೀವಿಗಳು ನಿರ್ಮಿಸಿದ ವಸ್ತುಗಳಲ್ಲಿ ಇದರಷ್ಟು ಹೇರಳವಾದುದು ಬೇರೊಂದಿಲ್ಲ. ಆಶ್ಚರ್ಯವೇನೆಂದರೆ, ಈ ಗಟ್ಟಿಯಾದ ನಾರು ಗ್ಲೂಕೋಸ್ ಎಂಬ ಸಕ್ಕರೆಯ ಕಣಗಳನ್ನು ಸಾವಿರಗಟ್ಟಲೆ ಮಣಿಗಳಂತೆ ಪೋಣಿಸಿದ ಸರವಷ್ಟೇ. ನಾವುಣ್ಣುವ ಅನ್ನದ ಹಿಟ್ಟು ಸಹ ಅದೇ ಸಕ್ಕರೆಯ ಸರ. ಆದರೆ ಪೋಣಿಸಿದ ರೀತಿಯು ಬೇರೆಯಾದ ಕಾರಣ ಅನ್ನವು ನಮಗೆ ಜೀರ್ಣವಾಗುತ್ತದೆ, ಸೋಗೆಯು ಜೀರ್ಣವಾಗುವುದಿಲ್ಲ.

ಹಾಗಾದರೆ ಈ ಸರವನ್ನು ಬಿಡಿಸುವವರು ಯಾರು? ಮುಖ್ಯವಾಗಿ ಎರಡು ಕುಲದವರು: ಬೂಷ್ಟು ಅಣಬೆಗಳ ಕುಲವಾದ ಶಿಲೀಂಧ್ರಗಳು, ಮತ್ತು ಬ್ಯಾಕ್ಟೀರಿಯಗಳೆಂಬ ಅಣುಜೀವಿಗಳು. ಇವರಿಬ್ಬರಿಗೂ ಬಾಯಿಯಿಲ್ಲ, ಹಲ್ಲಿಲ್ಲ. ಕಿಣ್ವಗಳೆಂಬ ಪಾಚಕರಸಗಳನ್ನು ಸ್ರವಿಸಿ, ನಾರಿನ ಸರವನ್ನು ಮೊದಲು ನಡುವೆ ತುಂಡರಿಸಿ, ಬಳಿಕ ತುದಿಯಿಂದ ಎರಡೆರಡು ಮಣಿಗಳಂತೆ ಬಿಡಿಸಿ, ಕೊನೆಗೆ ಒಂದೊಂದಾಗಿ ಹೀರಿಕೊಳ್ಳುತ್ತವೆ. ಒಂದೇ ರಸದಿಂದ ಈ ಕೆಲಸವು ನಡೆಯದು. ಹಲವು ರಸಗಳು ಕೂಡಿ ದುಡಿಯಬೇಕು.

ಕೆಲಸವು ಒಂದೇ ಆದರೂ ಇಬ್ಬರ ರೀತಿಯು ಬೇರೆ. ಶಿಲೀಂಧ್ರವು ನೂಲಿನಂತೆ ಬೆಳೆಯುವ ಜೀವಿಯು. ಒದ್ದೆಯಾದ ಸೋಗೆಯ ರಾಶಿಯನ್ನು ಸರಿಸಿ ನೋಡಿದರೆ ಬಿಳಿಯ ಎಳೆಗಳು ಜೇಡನ ಬಲೆಯಂತೆ ಹಬ್ಬಿರುವುದು ಕಾಣುತ್ತದೆ. ಆ ಎಳೆಗಳು ಒಣಗಿದ ಗಟ್ಟಿ ನಾರಿನೊಳಗೆ ನುಗ್ಗಬಲ್ಲವು. ಒಂದೆಡೆಯ ಸಾರವನ್ನು ಇನ್ನೊಂದೆಡೆಗೆ ಸಾಗಿಸಬಲ್ಲವು. ನೀರು ಕಡಮೆಯಿದ್ದರೂ ತಾಳಬಲ್ಲವು. ಮುರಕಲ್ಲಿನಿಂದಾದ ನಮ್ಮ ಮಣ್ಣಿನ ಹುಳಿಗುಣವೂ ಅವುಗಳಿಗೆ ಅಷ್ಟಾಗಿ ಬಾಧಕವಲ್ಲ. ಅದಲ್ಲದೆ ಮರಕ್ಕೆ ಬಿಗಿಯನ್ನು ಕೊಡುವ ಲಿಗ್ನಿನ್ ಎಂಬ ವಸ್ತುವು ಸೆಲ್ಯುಲೋಸನ್ನು ಬೇಲಿಯಂತೆ ಸುತ್ತಿಕೊಂಡಿರುತ್ತದೆ. ಆ ಬೇಲಿಯನ್ನು ಚೆನ್ನಾಗಿ ಮುರಿಯಬಲ್ಲವರು ಮುಖ್ಯವಾಗಿ ಶಿಲೀಂಧ್ರಗಳೇ.

ಬ್ಯಾಕ್ಟೀರಿಯಗಳಾದರೋ ನೀರಿನ ತೆಳುಪೊರೆಯಲ್ಲಿ ಬಾಳುವಂಥವು. ಶಿಲೀಂಧ್ರವು ತೆರೆದ ದಾರಿಯಲ್ಲಿ ಇವು ಹಿಂಬಾಲಿಸಿ, ನಾರಿನ ಮೈಗೆ ಅಂಟಿಕೊಂಡು ಕೆಲಸವನ್ನು ಮುಂದರಿಸುತ್ತವೆ. ಇವುಗಳ ವಂಶವು ಅತಿ ಶೀಘ್ರವಾಗಿ ವೃದ್ಧಿಯಾಗುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾಲಯದಲ್ಲಿ ಹಚಿನ್ಸನ್ ಮತ್ತು ಕ್ಲೇಟನ್ ಎಂಬವರು ೧೯೧೯ರಲ್ಲಿ ಗಾಳಿಯ ಸಹಾಯದಿಂದ ಸೆಲ್ಯುಲೋಸನ್ನು ತಿನ್ನುವ ಇಂಥ ಒಂದು ಅಣುಜೀವಿಯನ್ನು ಮಣ್ಣಿನಿಂದ ಬೇರ್ಪಡಿಸಿ ವರ್ಣಿಸಿದರು. ಗೊಬ್ಬರದ ರಾಶಿಯು ಬಿಸಿಯೇರಿ ಅರುವತ್ತು ಡಿಗ್ರಿ ಸೆಲ್ಸಿಯಸಿನ ಆಸುಪಾಸಿಗೆ ಬಂದಾಗ ಹೆಚ್ಚಿನ ಶಿಲೀಂಧ್ರಗಳು ಹಿಂಜರಿಯುತ್ತವೆ. ಆಗ ಶಾಖಪ್ರಿಯ ಬ್ಯಾಕ್ಟೀರಿಯಗಳೇ ಭಾರವನ್ನು ಹೊರುತ್ತವೆ. ರಾಶಿಯು ಆರಿದ ಮೇಲೆ ಶಿಲೀಂಧ್ರಗಳು ಮರಳಿ ಬಂದು ಉಳಿದ ಗಟ್ಟಿನಾರನ್ನು ನೋಡಿಕೊಳ್ಳುತ್ತವೆ. ಗಾಳಿಯೇ ಆಡದ ಕೆಸರಿನೊಳಗೆ ಬೇರೊಂದು ಜಾತಿಯ ಬ್ಯಾಕ್ಟೀರಿಯಗಳು ನಿಧಾನವಾಗಿ ದುಡಿಯುತ್ತವೆ. ಅಲ್ಲಿಯೇ ದುರ್ವಾಸನೆಯೂ ಹುಟ್ಟುವುದು. ಇವಲ್ಲದೆ ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಗಳೂ ಉಂಟು. ಮೊದಲ ಮಳೆ ಬಿದ್ದೊಡನೆ ಮಣ್ಣಿನಿಂದೇಳುವ ಕಂಪನ್ನು ನಾವೆಲ್ಲರೂ ಮೆಚ್ಚುತ್ತೇವಷ್ಟೆ. ಆ ಕಂಪಿನ ಒಂದು ಮುಖ್ಯ ಅಂಶವು ಇವುಗಳದೇ ಉತ್ಪನ್ನ.

ಆದುದರಿಂದ ಕೊಳೆಯುವುದೆಂದರೆ ಹಾಳಾಗುವುದಲ್ಲ. ಕ್ರಮವಾಗಿ ನಡೆಯುವ ಒಂದು ಕೂಡುಕೆಲಸ. ಇದನ್ನು ಜನರು ಯುದ್ಧಕಾಲದಲ್ಲಿಯೂ ಕಂಡರು. ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನ್ಯದ ಹತ್ತಿಬಟ್ಟೆಯ ಡೇರೆಗಳು ಬೇಗಬೇಗನೆ ಜೀರ್ಣವಾಗತೊಡಗಿದುವು. ಕಾರಣವನ್ನು ಹುಡುಕುವಾಗ ಸಾಲೊಮನ್ ದ್ವೀಪಗಳಿಂದ ಟ್ರೈಕೊಡರ್ಮ ಎಂಬ ಬೂಷ್ಟಿನ ಒಂದು ತಳಿಯು ದೊರೆಯಿತು. ಎಲ್ವಿನ್ ರೀಸ್ ಎಂಬ ವಿಜ್ಞಾನಿಯು ಅದರ ಪಾಚಕರಸಗಳನ್ನು ಬಹುಕಾಲ ಪರಿಶೀಲಿಸಿದನು; ೧೯೭೭ರಲ್ಲಿ ಆ ಜಾತಿಗೆ ಅವನ ಹೆಸರನ್ನೇ ಇಟ್ಟರು. ಡೇರೆಯನ್ನು ತಿಂದ ಆ ಶತ್ರುವಿನ ಸಂತತಿಯಿಂದಲೇ ಇಂದು ಕಾರ್ಖಾನೆಗಳಲ್ಲಿ ಸೆಲ್ಯುಲೋಸನ್ನು ಕರಗಿಸುವ ರಸಗಳನ್ನು ತೆಗೆಯುತ್ತಾರೆ. ಆಟಿಯ ಮಳೆಯಲ್ಲಿ ಪೆಟ್ಟಿಗೆಯೊಳಗಣ ಸೀರೆಗೆ ಬೂಷ್ಟು ಹಿಡಿದಾಗ ಗೊಣಗುವ ನಾವು, ಅದೇ ಕುಲದವರು ತೋಟದಲ್ಲಿ ನಮಗೆ ಸಂಬಳವಿಲ್ಲದ ಆಳುಗಳೆಂಬುದನ್ನು ಮರೆಯಲಾಗದು.

ಈ ಆಳುಗಳನ್ನು ದುಡಿಸುವ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಅದನ್ನು ಬಲ್ಲವರು ನಮ್ಮ ತಾಯಂದಿರೂ ಅಜ್ಜಿಯಂದಿರೂ ಆಗಿದ್ದರು. ಬೆಳಗಾಗೆದ್ದು ಗುಡ್ಡಕ್ಕೋ ಕುಮ್ಕಿಗೋ ಹೋಗಿ ಸೊಪ್ಪನ್ನೂ ತರಗೆಲೆಯನ್ನೂ ತಂದು ಹಟ್ಟಿಯಲ್ಲಿ ಹಾಸುವರು. ದನಗಳು ಅದನ್ನು ತುಳಿಯುವುವು. ಸೆಗಣಿಯೂ ಗಂಜಳವೂ ಅದರೊಡನೆ ಬೆರೆಯುವುದು. ಅದನ್ನು ತೆಗೆದು ಗೊಬ್ಬರದ ಗುಂಡಿಯಲ್ಲಿ ಒಟ್ಟಿ, ಹದವಾದ ಮೇಲೆ ತೋಟಕ್ಕೆ ಹೊರುವರು. ಈ ಕ್ರಮದ ಗುಟ್ಟೇನು? ಅಣುಜೀವಿಗಳಿಗೆ ಸೆಲ್ಯುಲೋಸಿನಿಂದ ಶಕ್ತಿಯು ದೊರೆಯುತ್ತದೆ. ಆದರೆ ಮೈಬೆಳೆಸಲು ಸಾರಜನಕವೂ ಬೇಕು. ಬೈಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಅರುವತ್ತಕ್ಕೂ ಮಿಕ್ಕಿದ ಪಾಲು ಇಂಗಾಲವಿರುತ್ತದೆ. ಸೆಗಣಿಯಲ್ಲಿ ಒಂದಕ್ಕೆ ಸುಮಾರು ಇಪ್ಪತ್ತು. ಒಂದಕ್ಕೆ ಇಪ್ಪತ್ತೈದು ಮೂವತ್ತರ ಹದಕ್ಕೆ ಬಂದಾಗ ಕೊಳೆಯುವಿಕೆಯು ಸರಾಗವಾಗಿ ನಡೆಯುತ್ತದೆ. ೧೯೨೧ರಲ್ಲಿ ರಾಥಮ್‌ಸ್ಟೆಡ್ಡಿನ ವಿದ್ವಾಂಸರು ಹುಲ್ಲಿಗೆ ಸಾರಜನಕವನ್ನು ಸೇರಿಸಿ ಗೊಬ್ಬರಮಾಡುವ ಕ್ರಮವನ್ನು ಪ್ರಕಟಿಸಿದರು. ಆಲ್ಬರ್ಟ್ ಹೋವರ್ಡ್ ಎಂಬವರು ಇಂದೂರಿನಲ್ಲಿ ರೈತರ ಕಸಕಡ್ಡಿಗಳಿಂದಲೇ ಕಾಂಪೋಸ್ಟು ಮಾಡುವ ವಿಧಾನವನ್ನು ರೂಪಿಸಿ, ಯಶವಂತ ವಾಡ್ ಎಂಬವರೊಡಗೂಡಿ ೧೯೩೧ರಲ್ಲಿ ಪುಸ್ತಕವನ್ನು ಬರೆದರು. ನಮ್ಮ ಅಜ್ಜಿಯಂದಿರು ಪುಸ್ತಕ ಬರೆಯಲಿಲ್ಲ. ಆದರೆ ಹಟ್ಟಿಯಲ್ಲಿ ಅವರು ನಿತ್ಯವೂ ಸರಿಪಡಿಸುತ್ತಿದ್ದುದು ಈ ಲೆಕ್ಕವನ್ನೇ.

ದನದ ಹೊಟ್ಟೆಯೂ ಒಂದು ಗೊಬ್ಬರದ ಗುಂಡಿಯೇ ಎನ್ನಬಹುದು. ಅಲ್ಲಿ ಹುಲ್ಲನ್ನು ಕರಗಿಸುವುದು ದನವಲ್ಲ, ಅದರ ಮೊದಲ ಉದರದಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು. ಅವುಗಳೊಡನೆ ಗಾಳಿಯಿಲ್ಲದೆ ಬದುಕುವ ಶಿಲೀಂಧ್ರಗಳೂ ಇವೆಯೆಂಬುದನ್ನು ೧೯೭೫ರಲ್ಲಿ ಕಾಲಿನ್ ಆರ್ಪಿನ್ ಎಂಬವರು ತೋರಿಸಿಕೊಟ್ಟರು. ನಮ್ಮ ಗೆದ್ದಲುಗಳು ಸಹ ಹುತ್ತದೊಳಗೆ ಶಿಲೀಂಧ್ರದ ತೋಟವನ್ನೇ ಮಾಡಿ, ತಾವು ತಂದ ಒಣನಾರನ್ನು ಅದರಿಂದ ಹದಗೊಳಿಸಿಕೊಂಡು ತಿನ್ನುತ್ತವೆ. ಮಳೆ ಹಿಡಿದ ಮೇಲೆ ಹುತ್ತದ ಬಳಿ ಎದ್ದ ಅಣಬೆಯನ್ನು ಆರಿಸಿ ತಂದು ಪಲ್ಯಮಾಡುವಾಗ ನಾವು ಆ ತೋಟದ ಫಲವನ್ನೇ ಉಣ್ಣುತ್ತೇವೆ.

ಈಗಿನ ಸ್ಥಿತಿಯನ್ನು ನೋಡೋಣ. ಅನೇಕ ಮನೆಗಳ ಹಟ್ಟಿಗಳು ಬರಿದಾಗಿವೆ. ಸೊಪ್ಪು ಕೊಡುತ್ತಿದ್ದ ಗುಡ್ಡಗಳಲ್ಲಿ ರಬ್ಬರು ಬೆಳೆದಿದೆ. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಸೊಪ್ಪು ಹೊರುವ ಆಳೂ ಸಿಕ್ಕುವುದಿಲ್ಲ. ಇವು ಯಾವುವೂ ಯಾರೊಬ್ಬರ ಅಪರಾಧವಲ್ಲ. ಆದರೆ ಇವುಗಳೊಡನೆ ನಮ್ಮದೊಂದು ಪಾಲಿನ ತಪ್ಪೂ ಇದೆ. ಅಕ್ಷರ ಕಲಿತ ಹೆಣ್ಣುಮಕ್ಕಳಾದ ನಾವು ಹಟ್ಟಿಯ ಕೆಲಸವನ್ನು ಅವಿದ್ಯಾವಂತರ ಕೆಲಸವೆಂದು ಎಣಿಸಿದೆವು. ತಾಯಿಯ ಕೈಯ ಸೆಗಣಿಯ ವಾಸನೆಗೆ ನಾಚಿಕೊಂಡೆವು. ಆ ಕೈಗಳು ಏನನ್ನು ಬಲ್ಲವು ಎಂದು ಕೇಳಲೇ ಇಲ್ಲ. ಹೀಗಾಗಿ ಗೊಬ್ಬರವನ್ನು ಲಾರಿಯಲ್ಲಿ ಕ್ರಯಕ್ಕೆ ತರಿಸುತ್ತಾ, ನಮ್ಮದೇ ಸೋಗೆಯನ್ನು ಸುಡುವ ವಿಪರೀತಕ್ಕೆ ಬಂದು ಮುಟ್ಟಿದ್ದೇವೆ.

ನಷ್ಟವೆಷ್ಟೆಂಬುದಕ್ಕೆ ಒಂದು ಸಣ್ಣ ಲೆಕ್ಕ. ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು ೫೪೦ ಅಡಕೆಮರಗಳಾಗುತ್ತವೆ. ಒಂದು ಮರವು ವರ್ಷಕ್ಕೆ ಆರೇಳು ಸೋಗೆಗಳನ್ನು ಉದುರಿಸುತ್ತದೆ. ಆರೆಂದೇ ಹಿಡಿದರೂ ಎಕರೆಗೆ ೩,೨೪೦ ಸೋಗೆಗಳು. ಇವನ್ನು ಸುಟ್ಟರೆ ಇಂಗಾಲವೂ ಸಾರಜನಕದ ಹೆಚ್ಚಿನ ಪಾಲೂ ಹೊಗೆಯಾಗಿ ಹೋಗುತ್ತವೆ. ಬೂದಿಯಲ್ಲಿ ಪೊಟ್ಯಾಷ್ ಉಳಿಯುವುದು ನಿಜ. ಆದರೆ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಸುರಿಯುವ ಈ ಸೀಮೆಯಲ್ಲಿ ಅದು ತೋಡಿನ ದಾರಿ ಹಿಡಿಯಲು ತಡವಾಗದು. ಕೊಳೆಯಲು ಬಿಟ್ಟರಾದರೋ ಸಾರವು ಮೆಲ್ಲಮೆಲ್ಲನೆ ಬೇರಿಗೆ ದೊರೆಯುತ್ತದೆ. ಶಿಲೀಂಧ್ರದ ಎಳೆಗಳೂ ಬ್ಯಾಕ್ಟೀರಿಯಗಳ ಅಂಟೂ ಮಣ್ಣಿನ ಕಣಗಳನ್ನು ಹೆಣೆದು ಹಿಡಿಯುತ್ತವೆ. ಮಣ್ಣಿನಲ್ಲಿ ದೀರ್ಘಕಾಲ ಉಳಿಯುವ ಸತ್ವದ ದೊಡ್ಡದೊಂದು ಪಾಲು ಸತ್ತ ಅಣುಜೀವಿಗಳ ಅವಶೇಷದಿಂದಲೇ ಆದುದೆಂದು ಈಚಿನ ಸಂಶೋಧನೆಗಳು ಹೇಳುತ್ತವೆ. ಮುಂಗಾರಿನ ಮಳೆಗೆ ಕೊಚ್ಚಿಹೋಗದ ಮಣ್ಣೆಂದರೆ ಹೀಗೆ ಹೆಣೆದುಕೊಂಡ ಮಣ್ಣು.

ಇದಕ್ಕೆ ಕೆಲವರು ಆಕ್ಷೇಪಿಸಬಹುದು. "ಸುಡುಮಣ್ಣು ನಮ್ಮ ಹಿರಿಯರದೇ ಪದ್ಧತಿಯಲ್ಲವೇ?" ಎಂದು ಕೇಳಬಹುದು. ಹೌದು; ತರಕಾರಿಯ ಸಾಲಿಗೆ, ಸಸಿಯ ಮಡಿಗೆ ಅವರು ಒಂದಿಷ್ಟು ಸುಡುಮಣ್ಣನ್ನು ಮಾಡುತ್ತಿದ್ದರು. ಅದರ ಬೂದಿಯು ಮಣ್ಣಿನ ಹುಳಿಯನ್ನು ತಗ್ಗಿಸಿ ಪೊಟ್ಯಾಷನ್ನು ಕೊಡುತ್ತಿತ್ತು. ಆದರೆ ಅವರು ಹಟ್ಟಿಗೊಬ್ಬರವನ್ನು ಬಿಟ್ಟು ಸುಡುಮಣ್ಣನ್ನು ಮಾಡಲಿಲ್ಲ, ಅದರೊಡನೆ ಮಾಡಿದರು.

ಇನ್ನು ಕೆಲವರು, "ಅಡಕೆಯ ಕೊಳೆರೋಗವೂ ಕೊಳೆಯೇ ಅಲ್ಲವೇ? ತೋಟದಲ್ಲಿ ಬೂಷ್ಟನ್ನು ಸಾಕಿದರೆ ರೋಗವನ್ನೂ ಸಾಕಿದಂತಾಗದೇ?" ಎನ್ನಬಹುದು. ಈ ಪ್ರಶ್ನೆಯು ನ್ಯಾಯವಾದುದು. ಕೊಳೆರೋಗದ ಕಾರಣವಾದ ಫೈಟಾಫ್ತೊರ ಎಂಬುದು ನೋಡಲು ಬೂಷ್ಟಿನಂತಿದ್ದರೂ ನಿಜವಾದ ಶಿಲೀಂಧ್ರಗಳ ಕುಲದ್ದಲ್ಲ. ಶಿಲೀಂಧ್ರಗಳ ಕೋಶದ ಗೋಡೆಯಲ್ಲಿ ಕೈಟಿನ್ ಎಂಬ ವಸ್ತುವಿದ್ದರೆ, ಇದರ ಗೋಡೆಯಲ್ಲಿ ಸೆಲ್ಯುಲೋಸೇ ಇದೆ. ಜೀವಂತ ಕಾಯನ್ನು ಹಿಡಿಯುವ ಇದು ಬೇರೆ, ಸತ್ತ ಸೋಗೆಯನ್ನು ತಿನ್ನುವವು ಬೇರೆ. ಆದರೂ ಕೊಳೆರೋಗ ತಗಲಿದ ಕಾಯಿ ಗೊನೆಗಳನ್ನು ಆಯ್ದು ನಾಶಮಾಡತಕ್ಕದ್ದು. ಅವನ್ನು ಗೊಬ್ಬರದ ರಾಶಿಗೆ ಹಾಕಲಾಗದು. ಅಣಬೆರೋಗದಿಂದ ಸತ್ತ ಮರದ ಬುಡವನ್ನೂ ಬೇರುಸಹಿತ ಕಿತ್ತು ತೆಗೆಯತಕ್ಕದ್ದು; ಗ್ಯಾನೋಡರ್ಮ ಎಂಬ ಆ ಶಿಲೀಂಧ್ರವು ನಿಜವಾಗಿಯೂ ವೈರಿಯೇ. ಬೆಂಕಿಗೆ ಯೋಗ್ಯವಾದ ಸ್ಥಾನವು ಅಲ್ಲಿದೆ. ಅದೇ ವೈರಿಯನ್ನು ತಡೆಯಲು ಬೇವಿನ ಹಿಂಡಿಯಲ್ಲಿ ಬೆಳೆಸಿದ ಟ್ರೈಕೊಡರ್ಮವನ್ನು ಮರದ ಬುಡಕ್ಕೆ ಕೊಡುವ ಕ್ರಮವೂ ಇದೆ ಎಂಬುದನ್ನು ನೆನಪಿಡಬೇಕು. ಬೂಷ್ಟಿನ ಕುಲದಲ್ಲಿ ವೈರಿಯೂ ಉಂಟು, ಕಾವಲುಗಾರನೂ ಉಂಟು.

ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಆದರೆ ಸಿಂಪಡಿಸಿದ ತಾಮ್ರವು ವರ್ಷವರ್ಷವೂ ಮಣ್ಣಿನಲ್ಲಿ ಉಳಿಯುತ್ತದೆ. ಮಿತಿಮೀರಿದರೆ ಮಣ್ಣಿನ ಜೀವಿಗಳಿಗೆ ಬಾಧಕವು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಅಳತೆಯನ್ನು ಮೀರದಿರುವುದೂ, ತಾಮ್ರವನ್ನು ಹಿಡಿದಿಡಬಲ್ಲ ಕೊಳೆತ ಗೊಬ್ಬರವನ್ನು ಮಣ್ಣಿಗೆ ಕೊಡುತ್ತಿರುವುದೂ ಜಾಣತನ. ಹಾಗೆಯೇ ಸುಳ್ಯದ ಕೃಷಿಕರನ್ನು ಕಾಡುತ್ತಿರುವ ಹಳದಿ ಎಲೆ ರೋಗಕ್ಕೆ ಕಾಂಪೋಸ್ಟು ಔಷಧವೆಂದೂ ನಾನು ಹೇಳೆನು. ಇಲ್ಲದ ಗುಣವನ್ನು ಹೊಗಳಿದರೆ ಇರುವ ಗುಣಕ್ಕೂ ಬೆಲೆಯು ಹೋಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ದನವಿಲ್ಲದ ಮನೆಯಲ್ಲಿಯೂ ಉಪಾಯವುಂಟು. ವಿಟ್ಲದ ಅಡಕೆ ಸಂಶೋಧನಾ ಕೇಂದ್ರವು ೧೯೫೬ರಿಂದ ನಮ್ಮ ನೆರೆಯಲ್ಲಿಯೇ ಇದೆ. ಅದು ಸೇರಿರುವ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯವು ತೆಂಗು ಅಡಕೆಗಳ ಸೋಗೆಯಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ಕಲಿಸುತ್ತದೆ. ತೆಂಗಿನ ಸೋಗೆಗೆ ಅದರ ತೂಕದ ಹತ್ತರಲ್ಲೊಂದು ಪಾಲು ಸೆಗಣಿಯು ಸಾಕೆಂದು ಅವರ ಅನುಭವ. ಅಷ್ಟನ್ನು ನೆರೆಮನೆಯಿಂದಲೂ ತರಬಹುದು. ಸೋಗೆಯನ್ನು ಕಡಿದು ಚಿಕ್ಕದು ಮಾಡಿ, ನೆರಳಿನಲ್ಲಿ ಒಟ್ಟಿ, ಸೆಗಣಿ ನೀರನ್ನು ಚಿಮುಕಿಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವವಿರಿಸಿ, ಆಗಾಗ ಮಗುಚಿದರೆ ಅಣುಜೀವಿಗಳು ಉಳಿದ ಕೆಲಸವನ್ನು ಮಾಡಿಕೊಳ್ಳುತ್ತವೆ. ಮಳೆಗಾಲದಲ್ಲಿ ಮೇಲೊಂದು ಮುಚ್ಚಿಗೆ ಬೇಕು. ಇಲ್ಲವಾದರೆ ಗಾಳಿಯು ಆಡದೆ ನಾತವೇಳುತ್ತದೆ. ಅಷ್ಟು ಮಾಡಲಾರದವರು ಸೋಗೆಯನ್ನು ಮರದ ಬುಡದಲ್ಲಿ ಸುಮ್ಮನೆ ಹಾಸಿದರೂ ಸರಿಯೇ. ಹಸಿದ ಅಣುಜೀವಿಗಳು ಬೆಳೆಯ ಸಾರಜನಕವನ್ನೇ ಕೆಲಕಾಲ ಕಸಿದುಕೊಳ್ಳುವುದರಿಂದ, ಒಣಕಸವನ್ನು ಹಾಗೆಯೇ ಮಣ್ಣಿನೊಳಗೆ ಹೂಳುವುದು ಮಾತ್ರ ಒಳ್ಳೆಯದಲ್ಲ.

ಶಾಲೆಯ ಹುಡುಗಿಯರಿಗೂ ಒಂದು ಸಣ್ಣ ಪ್ರಯೋಗವನ್ನು ಸೂಚಿಸುತ್ತೇನೆ. ಅಂಗೈಯಗಲದ ಎರಡು ತುಂಡು ಶುದ್ಧ ಹತ್ತಿಯ ಬಿಳಿಬಟ್ಟೆಯನ್ನು ತೆಗೆದುಕೊಳ್ಳಲಿ. ಒಂದನ್ನು ದಿನಾಲೂ ಗುಡಿಸಿದ ಬರಿಯ ಅಂಗಳದ ಅಂಚಿನಲ್ಲಿ, ಇನ್ನೊಂದನ್ನು ತರಗೆಲೆ ಹಾಸಿದ ಮರದ ಬುಡದಲ್ಲಿ, ನಾಲ್ಕು ಬೆರಳಿನಾಳಕ್ಕೆ ಹೂಳಲಿ. ಎರಡು ತಿಂಗಳಾದ ಮೇಲೆ ಅಗೆದು ನೋಡಲಿ. ಯಾವ ಬಟ್ಟೆಯು ಹೆಚ್ಚು ಜೀರ್ಣವಾಗಿದೆಯೋ ಅಲ್ಲಿಯ ಮಣ್ಣಿನಲ್ಲಿ ಜೀವವು ಹೆಚ್ಚು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಶಾಲೆಯಂಗಳದ ತರಗೆಲೆಯನ್ನು ಸುಡುವುದರ ಬದಲಿಗೆ ಒಂದು ಮೂಲೆಯಲ್ಲಿ ಗುಂಡಿಮಾಡಿ ತುಂಬಿಸಿದರೆ, ಮುಂದಿನ ವರ್ಷದ ಹೂದೋಟಕ್ಕೆ ಗೊಬ್ಬರವೂ ಆಯಿತು, ಪಾಠವೂ ಆಯಿತು.

ಸಹೋದರಿಯರೇ, ಈ ಸಾರಿ ತವರಿಗೆ ಹೋದಾಗ ತಾಯಿಯನ್ನೋ ಅತ್ತೆಯನ್ನೋ ಕೂಡಿಸಿಕೊಂಡು, ಗೊಬ್ಬರವು ಹದವಾಯಿತೆಂದು ಅವರು ಹೇಗೆ ತಿಳಿಯುತ್ತಿದ್ದರೆಂದು ಕೇಳಿರಿ. ಬಿಸಿಯನ್ನು ಕೈಯಿಂದ, ಹದವನ್ನು ಮೂಗಿನಿಂದ, ತೇವವನ್ನು ಮುಷ್ಟಿಯಿಂದ ಅಳೆಯುತ್ತಿದ್ದ ಅವರ ತಿಳಿವು ಯಾವ ಪರೀಕ್ಷೆಯಲ್ಲಿಯೂ ಅಂಕಗಳನ್ನು ಪಡೆಯಲಿಲ್ಲ. ಅದನ್ನು ಕೇಳಿ ಬರೆದಿಡುವ ಅಕ್ಷರವು ನಮ್ಮಲ್ಲಿದೆ. ಅದರ ಕಾರಣವನ್ನು ತಿಳಿಯುವ ವಿಜ್ಞಾನವೂ ಈಗ ನಮ್ಮಲ್ಲಿದೆ. ಕೇಳುವುದಕ್ಕೆ ಅವರಿರುವ ಕಾಲವು ಮಾತ್ರ ಮೀರಿಹೋಗುತ್ತಿದೆ. ಮೈಯ ಕೊಳೆಯನ್ನು ತೊಳೆಯುವುದನ್ನು ಶಾಲೆಯಲ್ಲಿ ಕಲಿತ ನಾವು, ಎಲೆಯನ್ನು ಕೊಳೆಯಿಸುವುದನ್ನು ಮನೆಯಲ್ಲಿ ಕಲಿಯೋಣ. ನಾಳೆಯ ಸಂಜೆ ತರಗೆಲೆಯ ರಾಶಿಯ ಮುಂದೆ ಬೆಂಕಿಪೆಟ್ಟಿಗೆಯನ್ನು ತೆರೆಯುವ ಮೊದಲು ಒಂದು ನಿಮಿಷ ತಡೆದು ಆಲೋಚಿಸಿರೆಂದು ತಮ್ಮೆಲ್ಲರಲ್ಲಿ ನನ್ನ ವಿನಯಪೂರ್ವಕವಾದ ಬಿನ್ನಹವು.

— ಓರ್ವ ಹಳೆವಿದ್ಯಾರ್ಥಿನಿ